ರೇಡಿಯೊ ಭಾವನ ಜ್ವರ

ನನ್ನ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ನಮ್ಮ ಬೀದಿ ಇಟ್ಟ ಹೆಸರು ರೇಡಿಯೊ. ಕ್ಷೌರದಂಗಡಿಯ ಬಾಗಿಲು ತೆರೆದರೆ ಬಾಯಿಯೂ ತೆರೆಯಿತು ಅಂತಲೇ ಲೆಕ್ಕ. ತಲೆಗೂದಲು ಕತ್ತರಿಸುವುದಕ್ಕಿಂತ ಕಾಲೆಳೆಯುವುದರಲ್ಲಿ ಚುರುಕು. ಗಿರಾಕಿಯ ಗಂಟಲಿಗೆ ಕತ್ತಿ ಇಟ್ಟು, "ಅಯ್ಯೋ, ರಕ್ತ ನಿಲ್ತಾನೇ ಇಲ್ವಲ್ಲ!" ಅನ್ನುವುದು, ಕೂತವನು ಹೌಹಾರಿದರೆ ಹೊಟ್ಟೆ ಹಿಡಿದುಕೊಂಡು ನಗುವುದು. ಈ ಹಾಳು ತಮಾಷೆಗೆ ನಾವೆಲ್ಲ ಒಗ್ಗಿಹೋಗಿದ್ದೆವು.

ಅವರಿಗೆ ಡೆಂಗ್ಯೂ ಬಂತು. ಬೀದಿಗೆ ಬೀದಿಯೇ ಕೇಳಿದ್ದು ಒಂದೇ ಮಾತು, "ಪ್ಲೇಟ್‌ಲೆಟ್ ಎಷ್ಟಾಯ್ತು?" ಕ್ರಿಕೆಟ್ ಸ್ಕೋರ್ ಕೇಳುವ ಹಾಗೆ. ಕೊನೆಗೆ ಪ್ಲೇಟ್‌ಲೆಟ್ ಏರಿತು, ಜ್ವರ ಇಳಿಯಿತು. ತಲೆ ಮಾತ್ರ ಸಿಡಿಯುತ್ತಿದೆ ಎಂದು ಭಾವ ಗೊಣಗುತ್ತಿದ್ದರು. "ಅಂಗಡಿ ತೆಗೆದ್ರೆ ತಲೆನೋವು ತಾನೇ ಓಡುತ್ತೆ" ಎಂದು ಹೊರಟೇಬಿಟ್ಟರು.

"ಜೊತೆಗೆ ಹೋಗೋ, ನಂಗ್ಯಾಕೋ ಎದೆ ಹೊಡ್ಕೊಳ್ತಿದೆ" ಅಂದಳು ಅಕ್ಕ.

ಹೋದವನು ಕುರ್ಚಿಯಲ್ಲಿ ಕೂತೆ. ಭಾವ ನನ್ನ ಮುಖಕ್ಕೆ ನೊರೆ ಹಚ್ಚಿದರು. ನಲ್ಲಿಯತ್ತ ತಿರುಗಿ ಬಂದು ಮತ್ತೆ ಹಚ್ಚಿದರು. ಮತ್ತೊಮ್ಮೆ.

"ಶುರುವಾಯ್ತು ನೋಡ್ರಪ್ಪ ರೇಡಿಯೊ!" ಬೆಂಚಿನಲ್ಲಿದ್ದವರು ಗೊಳ್ಳೆಂದರು. ನನಗೂ ನಗು. "ಸಾಕು ಭಾವ, ಗೋಡೆಗೆ ಸುಣ್ಣ ಬಳೀತಿದ್ದೀರಾ?"

ಕತ್ತಿ ಬಂದು ನನ್ನ ಗಂಟಲ ಮೇಲೆ ನಿಂತಿತು. ಕನ್ನಡಿಯಲ್ಲಿ ಅವರ ಮುಖ ನೋಡಿದೆ. ಕಿಡಿಗೇಡಿತನದ ಒಂದು ಗೆರೆಯೂ ಇಲ್ಲ.

"ಇದನ್ನ... ಯಾವ ಕಡೆ ಎಳೀಬೇಕು?" ಅಂದರು.

ಬೆಂಚು ಇನ್ನಷ್ಟು ನಕ್ಕಿತು. ಸುಮ್ಮನಿರ್ರೋ ಎಂದು ಕೂಗಲು ಬಾಯಿ ತೆಗೆಯುವಂತಿರಲಿಲ್ಲ, ಉಗುಳು ನುಂಗುವಂತೆಯೂ ಇರಲಿಲ್ಲ. ಮೆಲ್ಲಗೆ ಅವರ ಮಣಿಕಟ್ಟು ಹಿಡಿದು ಆಚೆ ಸರಿಸಿದೆ. ಕತ್ತಿ ಕೆಳಗೆ ಬಿತ್ತು. ಮರುಕ್ಷಣ ಅವರ ಬಾಯಿ ಒಂದು ಕಡೆಗೆ ಸೊಟ್ಟಗಾಯಿತು, ಮೈಯೆಲ್ಲ ಸೆಟೆದು ಅದುರಿತು, ನೆಲಕ್ಕುರುಳಿದರು. ಆಗ ನಗು ನಿಂತಿತು.

"ಡೆಂಗ್ಯೂ ಅಪರೂಪಕ್ಕೆ ಮಿದುಳಿಗೂ ಹೊಡೆತ ಕೊಡುತ್ತಮ್ಮ. ಮಿದುಳು ಊದಿಕೊಂಡಿದೆ, ಅದಕ್ಕೇ ಫಿಟ್ಸ್ ಬಂದಿದ್ದು" ಅಂದರು ಆಸ್ಪತ್ರೆಯ ಡಾಕ್ಟರು.

"ಜ್ವರ ಇಳಿದಿತ್ತಲ್ಲ ಡಾಕ್ಟ್ರೇ! ಪ್ಲೇಟ್‌ಲೆಟ್ಟೂ ಏರಿತ್ತಲ್ಲ!" ಅಂದೆ ನಾನು.

"ಅಷ್ಟಾದ್ಮೇಲೂ ಹೀಗಾಗಬಹುದು."

"ಎದ್ರೆ ನನ್ನ ಗುರುತು ಹಿಡೀತಾರಾ?" ಅಕ್ಕ ಕೇಳಿದಳು.

"ಮೊದ್ಲು ಎಚ್ಚರ ಆಗ್ಲಿ" ಅಂದರು ಅವರು.

ಭಾವ ಸತ್ತುಹೋದರೆ ಎಂಬ ಹೆದರಿಕೆ ಹಾಗಿರಲಿ. ಬೇರೆ ಯಾರೋ ಆಗಿ ಎದ್ದು ಕೂತರೆ? ಅದನ್ನು ಅಕ್ಕನಿಗೆ ಹೇಳಲಿಲ್ಲ. ಅವಳೂ ಅದನ್ನೇ ಯೋಚಿಸುತ್ತಿದ್ದಳು.

ಎಷ್ಟೋ ದಿನಗಳ ಮೇಲೆ ಭಾವ ಪೂರ್ತಿ ಕಣ್ಣು ಬಿಟ್ಟರು. ಡಾಕ್ಟರು ಅಕ್ಕನನ್ನು ತೋರಿಸಿದರು. "ಇವರ್ಯಾರು ಹೇಳಿ?"

ಭಾವ ನೋಡಿದರು, ನೋಡುತ್ತಲೇ ಇದ್ದರು. ಅಕ್ಕ ಕಣ್ಣೀರು ಸುರಿಸುತ್ತಲೇ ಮಂಚದ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನಮ್ಮನೆಯವಳು. ಯಾಕೆ ಅಳ್ತಿದ್ದಾಳೆ?"

ಅಕ್ಕ ಗೊಳೋ ಎಂದು ಅತ್ತುಬಿಟ್ಟಳು. ಡಾಕ್ಟರು ನನ್ನತ್ತ ಬೆರಳು ಮಾಡಿದರು. "ಇವರು?"

"ಗಿರಾಕಿ" ಅಂದರು ಭಾವ. "ಕೂತ್ಕೊಳ್ಳೋಕೆ ಹೇಳಿ, ಬಂದೆ."

ಅಕ್ಕ ಅಳುವಿನ ನಡುವೆಯೇ ನಕ್ಕಳು. ನಾನೂ ನಕ್ಕು, ಅವರು ಯಾವಾಗ ನಗುತ್ತಾರೋ ಎಂದು ಕಾದೆ. ಅವರು ನಗಲಿಲ್ಲ. ಹೊಸಬರನ್ನು ನೋಡುವ ಹಾಗೆ ಮರ್ಯಾದೆಯಿಂದ ನನ್ನನ್ನೇ ನೋಡುತ್ತಿದ್ದರು.

ನಾನು ಸ್ಟೂಲು ಎಳೆದುಕೊಂಡು ಕೂತೆ.