ಮೇಸ್ತ್ರಿ ವೆಂಕಟರಮಣಪ್ಪನವರ ಪದಸೂಚಿ

ದೊಡ್ಡಬಳ್ಳಾಪುರದಲ್ಲಿ ಮಗ್ಗ ನಿಂತರೆ ಜನ ಮೊದಲು ಕರೆಂಟು ಇದೆಯೇ ಎಂದು ನೋಡುತ್ತಿದ್ದರು. ಇದ್ದರೆ ಚಪ್ಪಲಿ ಮೆಟ್ಟಿಕೊಂಡು ವೆಂಕಟರಮಣಪ್ಪನವರ ಮನೆಗೆ ಹೊರಡುತ್ತಿದ್ದರು. ಪವರ್‌ಲೂಮ್ ರಿಪೇರಿಯಲ್ಲಿ ಅವರನ್ನು ಮೀರಿಸಿದವರು ಊರಲ್ಲಿ ಇರಲಿಲ್ಲ. ಅದು ಅವರಿಗೂ ಚೆನ್ನಾಗಿಯೇ ಗೊತ್ತಿತ್ತು. ವಿನಯ ಅವರ ಹತ್ತಿರ ಸುಳಿದದ್ದೇ ಇಲ್ಲ. ಊಟದ ನಡುವೆ ಯಾರಾದರೂ ಬಂದರೆ ಬೈದುಕೊಂಡೇ ಕೈ ತೊಳೆದು ಎದ್ದು ಹೋಗುವರು. ಯಾರೂ ಬಾರದ ದಿನ ಹೆಂಡತಿ ನಾರಾಯಣಮ್ಮನ ಮೇಲೆ ಸುಮ್ಮಸುಮ್ಮನೆ ರೇಗುವರು.

ಅರವತ್ತು ದಾಟಿದ ಮೇಲೆ ಕಣ್ಣಿಗೆ ಪೊರೆ ಬಂತು. ಆಪರೇಷನ್ ಆಗಿ ಹಾಸಿಗೆಯಲ್ಲಿದ್ದಾಗ, ಎರಡು ಬೀದಿಯ ಮಗ್ಗಗಳು ಅವರಿಗಾಗಿ ಕಾದು ನಿಂತವು. ಮದುವೆ ಕಾಲ ಬೇರೆ. ಕೆಟ್ಟ ಸೀರೆಯ ತುಂಡು ಹಿಡಿದುಕೊಂಡು ಜನ ಆಸ್ಪತ್ರೆಗೇ ಬಂದರು. ವೆಂಕಟರಮಣಪ್ಪನವರಿಗೆ ಮೊದಮೊದಲು ಹೆಮ್ಮೆಯಾಯಿತು, ಆಮೇಲೆ ದಿಗಿಲಾಯಿತು. ಇವತ್ತು ಕಣ್ಣು, ನಾಳೆ ಮನುಷ್ಯನೇ ಇಲ್ಲದಿದ್ದರೆ ಇವರ ಗತಿಯೇನು? ಶಿಷ್ಯರೆಂದು ಬಂದವರಾರೂ ಅವರ ಬೈಗುಳ ತಡೆದುಕೊಂಡು ನಿಂತಿರಲಿಲ್ಲ. ಹಾಗಾಗಿ ಗೊತ್ತಿದ್ದದ್ದನ್ನೆಲ್ಲ ಪುಸ್ತಕದಲ್ಲಿ ಇಳಿಸಿಬಿಡುವುದೆಂದು ತೀರ್ಮಾನಿಸಿದರು.

ಮಗಳು ಅನಿತ ಬಸ್ ಸ್ಟ್ಯಾಂಡಿನ ಹತ್ತಿರ ಡಿಟಿಪಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಲಗ್ನಪತ್ರಿಕೆಗಳ ಮಧ್ಯೆ ಬಿಡುವು ಮಾಡಿಕೊಂಡು ಅಪ್ಪನ ಪುಸ್ತಕವನ್ನು ಕಂಪ್ಯೂಟರಿನಲ್ಲಿ ಕೂಡಿಸುತ್ತ ಹೋದಳು. ತೊಂಬತ್ತೆಂಟನೇ ಇಸವಿಯ ಹೊತ್ತಿಗೆ ಅದು ಮುನ್ನೂರು ಪುಟ ದಾಟಿತ್ತು. ನೇಕಾರರ ಸಂಘದ ಅಧ್ಯಕ್ಷ ಯೋಗಾನಂದ ಅದನ್ನು ಕೈಯಲ್ಲಿ ತೂಗಿ ನೋಡಿ, "ಮಾವ, ಮಗ್ಗ ನಿಂತಾಗ ಇಷ್ಟನ್ನೂ ಯಾರು ಓದ್ತಾರೆ? ನಿಮ್ಮನ್ನ ಕರೀದೇನೆ, ಒಬ್ರೇ ಒಬ್ರು ಇದನ್ನ ನೋಡ್ಕೊಂಡು ಮಗ್ಗ ಓಡಿಸ್ಲಿ. ಸಂಘದಿಂದ ಅಚ್ಚು ಹಾಕಿಸ್ತೀನಿ" ಎಂದ.

"ಹಿಂದೆ ಪದಸೂಚಿ ಹಾಕೋಣ" ಎಂದಳು ಅನಿತ. "ಯಾವ ಮಾತು ಪಟ್ಟೀಲಿ ಬರ್ಬೇಕೋ ಅದಕ್ಕೆ ನೀನು ಗುರುತು ಮಾಡಿಕೊಡು. ಪುಟದ ನಂಬರು ಕಂಪ್ಯೂಟರೇ ಹಾಕ್ಕೊಳುತ್ತೆ."

ವೆಂಕಟರಮಣಪ್ಪನವರು ಕೆಂಪು ಪೆನ್ಸಿಲ್ ಹಿಡಿದು ಕೂತರು. ಮಾಡಿದ ಎಡವಟ್ಟು ಮಾತ್ರ ಅವರಿಗೇ ಮೀಸಲಾದದ್ದು. ಒಂದೊಂದು ದೋಷವನ್ನೂ ಅದನ್ನು ಮೊದಲು ರಿಪೇರಿ ಮಾಡಿದ ಮನೆಯ ಹೆಸರಿನಿಂದಲೇ ನೆನಪಿಡುವುದು ಅವರ ರೂಢಿ. ಹೀಗಾಗಿ ಪದಸೂಚಿಯಲ್ಲಿ 'ಅಪ್ಪಯ್ಯಣ್ಣನ ಮನೆ ಜ್ವರ', 'ಸೊಣ್ಣಮ್ಮನ ಕಾಯಿಲೆ' ಎಂದೆಲ್ಲ ಸಾಲುಗಟ್ಟಿ ಬಂದವು. ಊರಿಗೆಲ್ಲ ಹೀಗೇ ಗೊತ್ತಿದೆಯೆಂದು ಅವರು ಮನಸಾರೆ ನಂಬಿದ್ದರು.

ಬಟ್ಟೆಯಲ್ಲಿ ಅಡ್ಡಪಟ್ಟೆ ಬೀಳುತ್ತಿದೆಯೆಂದು ಬಂದಿದ್ದ ಶಶಿಕುಮಾರ್ ಎಂಬ ನೇಕಾರನ ಕೈಗೆ ಯೋಗಾನಂದ ಕರಡು ಪ್ರತಿ ಕೊಟ್ಟ. ಶಶಿಕುಮಾರ್ ಹಿಂದಿನ ಹಾಳೆಗಳನ್ನು ಮೇಲಿಂದ ಕೆಳಗೆ ಎರಡು ಸಲ ನೋಡಿ, "ಇದೇನು ಮಾವ, ಓಟರ್ ಪಟ್ಟಿ ಇದ್ದಂಗೈತೆ" ಎಂದು ಮೇಸ್ತ್ರಿಗಳ ಕೈಗೇ ಹಿಂದಿರುಗಿಸಿದ. ಸುದ್ದಿ ಹಬ್ಬಿತು. ಎರಡು ಮಗ್ಗ ಇಟ್ಟುಕೊಂಡು ತಾನೇ ನೇಯುತ್ತಿದ್ದ ಸೊಣ್ಣಮ್ಮ, ಮೇಸ್ತ್ರಿಗಳು ಮಗಳ ಬಳಿ ಇದ್ದ ಹೊತ್ತು ನೋಡಿ ಡಿಟಿಪಿ ಅಂಗಡಿಗೇ ನುಗ್ಗಿದಳು.

"ಮೂವತ್ತು ವರ್ಷ ನಿನಗೆ ಕಾಫಿ ಕೊಟ್ಟಿದ್ದಕ್ಕೆ ನನ್ನ ಹೆಸರನ್ನ ರೋಗಕ್ಕೆ ಇಟ್ಟಿದ್ದೀಯಾ?" ಎಂದು ಕೇಳಿದಳು. ಲಗ್ನಪತ್ರಿಕೆಗೆ ಬಂದಿದ್ದ ಹೆಣ್ಣಿನ ಕಡೆಯವರು ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದರು.

ಅವಳು ಹೋದ ಮೇಲೆ ಅನಿತ ಮೆಲ್ಲಗೆ, "ಮಗ್ಗದ ಭಾಗಗಳ ಹೆಸರು ಹಾಕೋಣ್ವಾ ಅಪ್ಪ?" ಎಂದಳು.

"ಯಾವ ಭಾಗ ಕೆಟ್ಟೈತೆ ಅಂತ ಗೊತ್ತಿದ್ರೆ ಪುಸ್ತಕ ಯಾಕೆ ನೋಡ್ತಾನೆ? ಅವನಿಗೆ ಗೊತ್ತಿರಲ್ಲ, ಅದಕ್ಕೇ ನನ್ನ ಹತ್ರ ಬರೋದು" ಎಂದು ಸಿಡುಕಿದರು.

"ಬಂದು ಏನಂತಾರೆ?"

ವೆಂಕಟರಮಣಪ್ಪನವರು ಅಂಗಡಿಯ ಬಾಗಿಲ ಕಡೆ ನೋಡಿದರು. ಬಂದವರು ಬಾಗಿಲಲ್ಲಿ ನಿಂತು ಏನೆನ್ನುತ್ತಾರೆ? ಗೇರು, ಸ್ಪ್ರಿಂಗು ಎನ್ನುವುದಿಲ್ಲ. ಕಣ್ಣಿಗೆ ಕಂಡದ್ದನ್ನು ಹೇಳುತ್ತಾರೆ. ಅಂಚು ಮುದುಡ್ತಾ ಐತೆ ಮಾವ. ಪಟ್ಟೆ ಬೀಳ್ತಾ ಐತೆ. ಬುಟ್ಟಾ ಹೂವಿನಲ್ಲಿ ಒಂದು ಎಸಳೇ ಬರ್ತಿಲ್ಲ. ಲಾಳಿ ಹಾರಿ ಗೋಡೆಗೆ ಹೊಡೀತು. ಆ ಮೊದಲ ಮಾತು ಕೇಳಿದೊಡನೆಯೇ ಅವರಿಗೆ ಅರ್ಧ ರಿಪೇರಿ ಆಗಿಬಿಡುತ್ತಿತ್ತು.

"ಬರ್ಕೋ" ಎಂದರು.

ಅಂದಿನಿಂದ ಅನಿತಳ ಪಕ್ಕದ ಸ್ಟೂಲು ಅವರದಾಯಿತು. ಕಣ್ಣು ಮುಚ್ಚಿಕೊಂಡು ಊರಿನ ದೂರುಗಳನ್ನೆಲ್ಲ ಒಬ್ಬೊಬ್ಬರ ದನಿಯಲ್ಲೇ ಹೇಳುತ್ತಿದ್ದರು. ಅಂಗಡಿಯವರಿಗೆ ಪುಕ್ಕಟೆ ನಾಟಕ. ಮನೆಗಳ ಹೆಸರಿನ ಗುರುತುಗಳನ್ನೆಲ್ಲ ಅನಿತ ಕಿತ್ತೆಸೆದು, ಕಂಪ್ಯೂಟರು ಪಟ್ಟಿಗೆ ಹೆಕ್ಕಿಕೊಳ್ಳಲೆಂದು ಆ ಜಾಗಗಳಲ್ಲಿ, ಅಚ್ಚಿನಲ್ಲಿ ಕಾಣದಂತೆ, ಈ ಮಾತುಗಳನ್ನು ಅಡಗಿಸಿಟ್ಟಳು. ಒಂದೇ ದೋಷವನ್ನು ಒಂದು ಬೀದಿಯವರು ಮುದುಡುವುದು ಎಂದರೆ ಇನ್ನೊಂದು ಬೀದಿಯವರು ಸುರುಟುವುದು ಎನ್ನುತ್ತಿದ್ದರು. ಸುರುಟುವುದು ಎಂಬಲ್ಲಿ ಪುಟಸಂಖ್ಯೆಯ ಬದಲು 'ಅಂಚು ಮುದುಡುವುದು ನೋಡಿ' ಎಂದೇ ಬರುವಂತೆ ಮಾಡಿದಳು. ದೋಷದ ಪ್ರಸ್ತಾಪ ಮಾತ್ರ ಇರುವ ಪುಟಗಳಿಗೆ ಸಾದಾ ಅಂಕಿ, ರಿಪೇರಿ ಇರುವ ಪುಟಕ್ಕೆ ದಪ್ಪ ಅಂಕಿ.

ಆದರೂ ಪಟ್ಟಿ ತೆಗೆದು ನೋಡಿದರೆ ಲಾಳಿ ಮೇಲೆ, ಅಂಚು ತಳದಲ್ಲಿ. ಪರದೆಯ ಮೇಲೆ ಕನ್ನಡ ಕಂಡರೂ ಕಂಪ್ಯೂಟರು ಒಳಗೊಳಗೆ ಇಂಗ್ಲಿಷ್ ಕೀಲಿಗಳ ಲೆಕ್ಕದಲ್ಲೇ ಜೋಡಿಸುತ್ತಿತ್ತು. ಅನಿತ ಸೋಲಲಿಲ್ಲ, ಅವಳೂ ಅದೇ ತಳಿ ತಾನೆ. ಪ್ರತಿ ಗುರುತಿನ ಕೊನೆಗೂ ಒಂದು ಅರ್ಧವಿರಾಮ ಹಾಕಿ, ಆ ಮಾತು ಎಷ್ಟನೆಯ ಜಾಗದಲ್ಲಿ ನಿಲ್ಲಬೇಕೆಂದು ಇಂಗ್ಲಿಷ್ ಅಕ್ಷರಗಳಲ್ಲಿ ಸೂಚನೆ ಬರೆದಳು. ಆ ಅಕ್ಷರಗಳು ಕಾಗದದ ಮೇಲೆ ಕಾಣುವುದಿಲ್ಲ, ಜೋಡಣೆಗೆ ಮಾತ್ರ ಸಿಗುತ್ತವೆ. ಮತ್ತೆ ಒಂದು ಕೀಲಿ ಒತ್ತಿದಳು. ಅ ಆ ಇ ಈ ಎಂದು ಪಟ್ಟಿ ನೆಟ್ಟಗೆ ನಿಂತಿತು. ವೆಂಕಟರಮಣಪ್ಪನವರು ಮಗಳ ಬೆನ್ನ ಮೇಲೊಂದು ಗುದ್ದಿದರು. ಅವರಿಗೆ ಗೊತ್ತಿದ್ದ ಮೆಚ್ಚುಗೆ ಅದೊಂದೇ.

ಹೊಸ ಪ್ರತಿ ಎಲ್ಲರಿಗಿಂತ ಮೊದಲು ಸೊಣ್ಣಮ್ಮ ಕಿತ್ತುಕೊಂಡು ಹೋದಳು. ತನ್ನ ಹೆಸರು ಇನ್ನೂ ಇದೆಯೇ ಎಂದು ನೋಡಬೇಕಿತ್ತಂತೆ. ನಾಲ್ಕು ದಿನ ಕಳೆದು ಅವಳ ಮಗ್ಗ ನಿಂತ ಸುದ್ದಿ ಬಂತು. ಯೋಗಾನಂದನೂ ಮೇಸ್ತ್ರಿಗಳೂ ಹೋದಾಗ ಅವಳು ಅಡ್ಡ ಕೈ ಚಾಚಿ ಇಬ್ಬರನ್ನೂ ಜಗಲಿಯಲ್ಲೇ ತಡೆದಳು.

"ಒಳಗೆ ಬರ್ಬೇಡ. ನಿನ್ನ ಬಾಯಿ ಸುಮ್ನಿರಲ್ಲ" ಎಂದಳು ವೆಂಕಟರಮಣಪ್ಪನವರಿಗೆ.

ಜಗಲಿಯ ಮೇಲೆ ಕೂತವರಿಗೆ ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ಸೊಣ್ಣಮ್ಮ ಬಟ್ಟೆಯನ್ನು ಬೆಳಕಿಗೆ ಹಿಡಿದಳು, ಅಂಚು ಸುಕ್ಕುಗಟ್ಟಿತ್ತು. ಪುಸ್ತಕದ ಹಿಂಭಾಗ ತೆರೆದು ಸಾಲಿನ ಮೇಲೆ ಬೆರಳಿಟ್ಟು, ಅಕ್ಷರ ಕೂಡಿಸಿ ಓದಿದಳು: "ಅಂಚು... ಅಂಚು ಮುದುಡುವುದು." ದಪ್ಪ ಅಂಕಿ ನೋಡಿ ಪುಟ ಹುಡುಕಿದಳು. ಲಾಳಿ ಕೈಗೆತ್ತಿಕೊಂಡು, ಹೊಕ್ಕಿನ ಅಡ್ಡ ಎಳೆ ಹೊರಬರುವ ಕಡೆ ಬಿಗಿ ಎಷ್ಟಿದೆಯೆಂದು ಎಳೆದು ನೋಡಿದಳು. ಪುಸ್ತಕದ ಚಿತ್ರ ನೋಡಿದಳು, ಮತ್ತೆ ಲಾಳಿ ನೋಡಿದಳು. ಅಲ್ಲಲ್ಲ, ಆ ಕಡೆ ಅಲ್ಲ ಎಂದು ಕೂಗಬೇಕೆನಿಸಿ ವೆಂಕಟರಮಣಪ್ಪನವರು ಹೆಗಲ ಮೇಲಿನ ಟವಲನ್ನು ಬಾಯಿಗೆ ಒತ್ತಿಕೊಂಡರು. ಅಷ್ಟರಲ್ಲಿ ಅವಳೇ ತಿದ್ದಿಕೊಂಡಳು. ಬಿಗಿ ಸಡಿಲಿಸಿ, ಲಾಳಿ ಕೂಡಿಸಿ, ಸ್ವಿಚ್ ಹಾಕಿದಳು.

ಮಗ್ಗ ಸದ್ದು ಮಾಡಿತು. ಒಂದು ಮೊಳ ಬಟ್ಟೆ ಇಳಿಯುವವರೆಗೆ ಮೂವರ ಕಣ್ಣೂ ಅಂಚಿನ ಮೇಲೇ ಇತ್ತು. ಅಂಚು ಹಲಗೆ ಇಟ್ಟು ಗೆರೆ ಎಳೆದಂತೆ ಬಂತು.

ಯೋಗಾನಂದ ಎದ್ದು ಕೈ ಮುಗಿದು, "ಆಯ್ತು ಮಾವ, ನಾಳೇನೇ ಪ್ರೆಸ್ಸಿಗೆ ಕೊಡ್ತೀನಿ" ಎಂದ. ವೆಂಕಟರಮಣಪ್ಪನವರಿಗೆ ಅದು ಕೇಳಿಸಿತೋ ಇಲ್ಲವೋ. ಅವರು ಸೊಣ್ಣಮ್ಮನನ್ನೇ ನೋಡುತ್ತಿದ್ದರು. ಇಷ್ಟು ವರ್ಷ ಮಗ್ಗ ಓಡಿಸಿಕೊಟ್ಟಾಗಲೂ ಇಂಥ ಸಂತೋಷ ಅವರಿಗೆ ಆಗಿರಲಿಲ್ಲ. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲೂ ಇಲ್ಲ.

ಸೊಣ್ಣಮ್ಮ ತಲೆ ಎತ್ತಿದಳು. ಮಗ್ಗದ ಸದ್ದನ್ನು ಮೀರಿಸುವಂತೆ ದನಿ ಏರಿಸಿ, "ಇನ್ನೂ ಯಾಕೆ ಕೂತಿದ್ದೀಯಣ್ಣ? ಇಲ್ಲಿ ನಿನಗೇನೂ ಕೆಲಸ ಇಲ್ಲ, ಮನೆಗೆ ಹೋಗು" ಎಂದಳು.