ಸ್ಪಿರಿಟ್ ತಾಗಿದ ಲಸಿಕೆ ಮತ್ತು ನಮ್ಮ ಮಲ್ಲಿನಾಥ

ಮಲ್ಲಿನಾಥ ಹೋದನಂತೆ...
ಫೋನ್ ಇಟ್ಟು ತಾಸಾಯಿತು. ಇನ್ನೂ ನಂಬಿಕೆ ಬರುತ್ತಿಲ್ಲ.
ಮೊನ್ನೆಯಷ್ಟೇ ಗ್ರೂಪಿನಲ್ಲಿ ಯಾರದೋ ಎಮ್ಮೆಯ ಫೋಟೊ ನೋಡಿ "ಇದಕ್ಕ ಜ್ವರ ಅದ, ಕಿವಿ ನೋಡ್ರಿ" ಅಂತ ಬರೆದಿದ್ದ.

ಇಂಥ ಪೋಸ್ಟ್ ಬರೆದು ಬರೆದು ಸಾಕಾಗಿದೆ ಮಿತ್ರರೇ...
ಆದರೂ ಇವನಿಗೆ ಬರೆಯದಿದ್ದರೆ ಹೇಗೆ?

ಗೊತ್ತಿಲ್ಲದವರಿಗೆ: ಡಾ. ಮಲ್ಲಿನಾಥ, ಪಶುವೈದ್ಯ. ಎಂಬತ್ತರ ದಶಕದಲ್ಲಿ ನಾವಿಬ್ಬರೂ ಅಫಜಲಪುರದಲ್ಲಿ ಒಟ್ಟಿಗೆ ಕೆಲಸ ಮಾಡಿದವರು.
ಆಗ ದನಗಳಿಗೆ ದೊಡ್ಡ ರೋಗ, ಅಂದರೆ ರಿಂಡರ್‌ಪೆಸ್ಟ್, ಬರುತ್ತಿತ್ತು.
ಬಂತೆಂದರೆ ಕೊಟ್ಟಿಗೆ ಖಾಲಿ...

ಒಂದು ಬೇಸಿಗೆ, ಅತನೂರಿನಲ್ಲಿ ಊರ ದನಕ್ಕೆಲ್ಲ ಲಸಿಕೆ ಹಾಕಿ ಬಸ್ಸಿನಲ್ಲಿ ವಾಪಸು ಬರುತ್ತಿದ್ದೆವು. ನನಗೆ ನಿದ್ದೆ ಎಳೆಯುತ್ತಿತ್ತು.
ಮಲ್ಲು ತನ್ನ ಕೈ ಮೂಸಿ ನೋಡಿಕೊಂಡ. ಮತ್ತೆ ಮೂಸಿದ.
"ಸ್ಪಿರಿಟ್ ವಾಸನಿ ಬರಾಕತ್ತದಲೇ..."

ಮಡಿವಂತ ಮನುಷ್ಯ. ಒಂದು ದನದ ರೋಗ ಇನ್ನೊಂದಕ್ಕೆ ತಾಗಬಾರದೆಂದು ಸಿರಿಂಜನ್ನು ಸ್ಪಿರಿಟ್‌ನಲ್ಲಿ ತೊಳೆದು, ಹಸಿ ಇರುವಾಗಲೇ ಲಸಿಕೆ ಎಳೆದಿದ್ದ.
ಅದು ಜೀವಂತ ವೈರಸ್ಸಿನ ಲಸಿಕೆ. ನೀರಲ್ಲಿ ಕುದಿಸಿದ ಸಿರಿಂಜೇ ಆಗಬೇಕು, ಸ್ಪಿರಿಟ್ ಸೋಂಕಲೂ ಬಾರದು.

"ಎಲ್ಲಾ ಸತ್ತಿರ್ತದ. ನಾಳಿ ಮತ್ತ ಹೋಗಬೇಕು" ಅಂದ.
"ಖರೇ ಹೇಳಿದ್ರ ಹೊಡಿತಾರ ನೋಡು" ಅಂದೆ.
"ಹೊಡೀಲಿ. ದನಾ ಸಾಯೂದ್ಕಿಂತ ಛಲೋ."

ಮಲ್ಲು...
ಮರುದಿನ ಅತನೂರಿನ ಕಟ್ಟೆಯ ಮುಂದೆ ನೀನು ನಿಂತಿದ್ದು ಈಗಲೂ ಕಣ್ಣಲ್ಲಿದೆ.
ಊರೆಲ್ಲ ಗರಂ ಆಗಿತ್ತು. ಮತ್ತೆ ದನ ತರುವುದಿಲ್ಲ ಅಂತ ಹಟ ಹಿಡಿದಿದ್ದರು.
ಎರಡೇ ಎತ್ತಿನ ಮೇಲೆ ಸಂಸಾರ ನಡೆಸುತ್ತಿದ್ದ ಹುಸೇನಬಿ ಎದ್ದು ಕೇಳಿದಳು, ನೆನಪಿದೆಯಾ?
"ನಿನ್ನಿದು ದವಾ ಅಲ್ಲಂದ್ರ, ಇವತ್ತಿಂದು ದವಾ ಅಂತ ಹೆಂಗ ನಂಬ್ಲಿರಿ ಸಾಹೇಬ್ರ?"


ನೀನು ಅವಳ ಮುಂದೆ ಕುಕ್ಕರಗಾಲಲ್ಲಿ ಕುಳಿತು ಹೇಳಿದೆ...
"ಯವ್ವಾ, ಈ ವೈರಸ್ಸಿನ ತೊಗಲಿಗಿ ಸಣ್ಣ ಸಣ್ಣ ಕೊಕ್ಕಿ ಇರ್ತಾವರಿ. ಆ ಕೊಕ್ಕಿಲಿಂದನ ದನದ ಜೀವಕೋಶ ಹಿಡ್ಕೊಂಡು ಒಳಗ ಹೋಗ್ತದ. ಲಸಿಕಿಯೊಳಗೂ ಅದೇ ವೈರಸ್, ಜೋರ್ ಕಮ್ಮಿ ಮಾಡಿದ್ದು. ಅದರ ಕೊಕ್ಕಿ ನೋಡೇ ದನದ ಮೈ ವೈರಿ ಗುರ್ತು ಹಿಡಿತದ. ನಾ ಸ್ಪಿರಿಟ್ ತಾಗ್ಸಿ ಆ ತೊಗಲೇ ಕರಗ್ಸಿಬಿಟ್ಟೇನಿ. ತಪ್ಪು ನಂದರಿ."

ಹುಸೇನಬಿ ಮನೆಯ ಕಡೆ ತಿರುಗಿದಳು.
"ಸುಳ್ಳ ಹೇಳಾವ ಹೊಳ್ಳಿ ಬರ್ತಿರ್ಲಿಲ್ಲ ಬಿಡ್ರಿ" ಅಂದು ಎತ್ತು ಬಿಚ್ಚಿಕೊಂಡು ಬಂದಳು.
ಅವಳ ಹಿಂದೆ ಇಡೀ ಊರು ಬಂತು.
ಆ ಸಲ ಜೇವರ್ಗಿ ಕಡೆಯಿಂದ ರೋಗ ಬಂತು. ಅತನೂರಿನ ಕೊಟ್ಟಿಗೆಗಳು ಉಳಿದವು.

ಆ ಕೊಕ್ಕೆ ಕೋಶದ ಪೊರೆಯಲ್ಲಿ ಯಾವುದನ್ನು ಹಿಡಿಯುತ್ತದೆ ಎಂಬುದು ಆಗ ನಮಗೆ ಗೊತ್ತಿರಲಿಲ್ಲ. ನೀನು ಅದನ್ನೇ ಹುಡುಕುತ್ತಿದ್ದೆ. ಎಷ್ಟೋ ವರ್ಷದ ಮೇಲೆ ಎಲ್ಲೋ ಓದಿ ಫೋನ್ ಮಾಡಿದೆ. "ರಿಸೆಪ್ಟರ್ ಸಿಕ್ತಲೇ!" ಅಂತ ಕೂಗಿದೆ...
ನನಗೆ ಸುಸ್ತಾಗಿತ್ತು, ನಾಳೆ ಮಾತಾಡೋಣ ಅಂದೆ. ಈಗಲೂ ಸುಸ್ತೇ ಮಲ್ಲು. ಆದರೆ ನಾಳೆ ಯಾರ ಹತ್ತಿರ ಮಾತಾಡಲಿ?

ಮಿತ್ರರೇ, ಇವತ್ತು ನನಗೆ ಸುದ್ದಿ ಕೊಟ್ಟಿದ್ದು ಅವನ ಮನೆಯವರಲ್ಲ. ಹುಸೇನಬಿಯ ಮಗ ರಜಾಕ.
"ಸಾಹೇಬ್ರು ಹೋದ್ರಂತ್ರಿ... ಊರವ್ರೆಲ್ಲ ಜೀಪ್ ಮಾಡ್ಕೊಂಡು ಅವರೂರು ಖಜೂರಿಗಿ ಮಣ್ಣು ಕೊಡಾಕ ಹೊಂಟೇವಿ. ನಿಮಗೂ ಜಾಗ ಹಿಡ್ದೇವ್ರಿ."

ಹುಸೇನಬಿ ಈಗಿಲ್ಲ. ಆ ಎತ್ತುಗಳಿಲ್ಲ. ಆ ರೋಗವೂ ಭೂಮಿಯ ಮೇಲೆ ಉಳಿದಿಲ್ಲ.
ಜೀಪು ಮಾತ್ರ ತುಂಬಿದೆಯಂತೆ...

ಬರುತ್ತಿದ್ದೇನೆ ಮಲ್ಲು.
ಬಹಳ ತಿರುಗಿದೆ, ಇನ್ನು ದಣಿವಾರಿಸಿಕೊ. ನಿನ್ನ ಜೀವಕ್ಕೆ ತಂಪು ಸಿಗಲಿ.
ಶರಣು ಶರಣಾರ್ಥಿ.