ಲಾರಿಯ ಹಣೆಯ ಮೇಲಿದ್ದ ರಾಕ್ಷಸ

ನಾನೇ ಕೈಯಾರೆ ಬರೆದ ರಾಕ್ಷಸನನ್ನು ಕೊಲ್ಲಲು ನನಗೇ ದಾರಿ ಸಿಗದೆ ಒದ್ದಾಡಿದ ಆ ಬೇಸಿಗೆಯನ್ನು ನೆನೆದರೆ ಈಗ ನಗು ಬರುತ್ತದೆ. ಆಗ ಬರುತ್ತಿದ್ದದ್ದು ಸಿಟ್ಟು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ತಾಯಿ, ಅಮ್ಮಿ, ಬಂದವರ ಮುಂದೆಲ್ಲ ಹೇಳುತ್ತಾಳೆ. ಹೌದು, ಇರುತ್ತದೆ. ಇನ್ನೆಲ್ಲಿ ಇಟ್ಟುಕೊಳ್ಳಲಿ?

ಗುಂಡ್ಲುಪೇಟೆಯಲ್ಲಿ ಹೆದ್ದಾರಿ ಪಕ್ಕ ನಮ್ಮ ಅಬ್ಬಾನದು ಲಾರಿಗೆ ಬಣ್ಣ ಹೊಡೆಯುವ ಶೆಡ್ಡು. ಈರುಳ್ಳಿ, ಟೊಮೆಟೊ, ಕೋಸು ತುಂಬಿಕೊಂಡು ಕೇರಳಕ್ಕೆ ಇಳಿಯುವ ಲಾರಿಗಳೇ ನಮ್ಮ ಗಿರಾಕಿಗಳು. ಹೂವು, ಬಳ್ಳಿ, ನವಿಲು, ಮಾಲೀಕರ ಮಕ್ಕಳ ಹೆಸರು, ಇವೆಲ್ಲ ಅಬ್ಬಾ ಬರೆಯುತ್ತಾರೆ. ಮುಂದಿನ ಗಾಜಿನ ಮೇಲ್ಗಡೆ, ಲಾರಿಯ ಹಣೆ ಅನ್ನಬಹುದಾದ ಜಾಗದಲ್ಲಿ, ಯಾರ ಕಣ್ಣೂ ತಾಗದಿರಲೆಂದು ಒಂದು ರಾಕ್ಷಸನ ಮುಖ ಇರಲೇಬೇಕು. ದಪ್ಪ ಮೀಸೆ, ಕೋರೆಹಲ್ಲು, ಹೊರಗೆ ಚಾಚಿದ ಕೆಂಪು ನಾಲಿಗೆ. ಆ ಮುಖ ಬರೆಯುವುದು ನನ್ನ ಪಾಲಿನ ಕೆಲಸ. ಹೈಸ್ಕೂಲಿನಲ್ಲಿದ್ದಾಗಿನಿಂದ ಏಣಿ ಹತ್ತಿ ಬರೆಯುತ್ತಿದ್ದೇನೆ. ಹೆಣ್ಣುಮಗಳು ಹೀಗೆ ಏಣಿ ಹತ್ತಬಾರದು ಎಂದವರಿಗೆ ನಾನು ಮೇಲಿನಿಂದಲೇ ಉತ್ತರ ಕೊಟ್ಟಿದ್ದೇನೆ.

ಚಾಮರಾಜನಗರದ ಕಾಲೇಜಿಗೆ ಸೇರಿದ ಮೇಲೆ, ಬಸ್ಸಿನಲ್ಲಿ ಜೊತೆಗೆ ಬರುತ್ತಿದ್ದ ಗೆಳತಿಯೊಬ್ಬಳು ತನ್ನ ಫೋನಿನಲ್ಲಿ ಜಪಾನಿನ ಮಾಂಗಾ ತೋರಿಸಿದಳು. ಚಿತ್ರದ ಕತೆಗಳು. ಕಬ್ಬಿಣದ ಕವಚ ತೊಟ್ಟ ರಾಕ್ಷಸರು, ಅವರ ಮೇಲೆ ಏರಿ ಹೋಗುವ ಹುಡುಗರು, ಒಂದು ಏಟಿಗೆ ಒಂದು ಇಡೀ ಪುಟ. ಅವನ್ನು ಬಲಗಡೆಯಿಂದ ಎಡಕ್ಕೆ ಓದಬೇಕು. ಗೆಳತಿಗೆ ಪ್ರತಿ ಪುಟದಲ್ಲೂ ದಾರಿ ತಪ್ಪುತ್ತಿತ್ತು. ನಮ್ಮ ಮನೆಯಲ್ಲಿ ಆಡುವುದು ಉರ್ದು, ಕನ್ನಡ ಅಕ್ಷರ ತಿದ್ದುವ ಮೊದಲೇ ನಾನು ಬಲದಿಂದ ಎಡಕ್ಕೆ ಓದಲು ಕಲಿತಿದ್ದೆ. ನನಗೆ ಅದು ನೀರು ಕುಡಿದಷ್ಟು ಸಲೀಸಾಗಿತ್ತು. ತೆರಕಣಾಂಬಿ ದಾಟುವಷ್ಟರಲ್ಲಿ ಒಂದು ಅಧ್ಯಾಯ ಮುಗಿಸಿ ಫೋನು ವಾಪಸು ಕೊಡುತ್ತಿದ್ದೆ.

ಓದಿ ಓದಿ ನಾನೇ ಒಂದು ಬರೆಯತೊಡಗಿದೆ. ಕತೆ ದೊಡ್ಡದಲ್ಲ. ಘಟ್ಟದ ದಾರಿಗೆ ಅಡ್ಡಲಾಗಿ ಒಬ್ಬ ರಾಕ್ಷಸ ಕೂತಿದ್ದಾನೆ, ಮೈತುಂಬ ಉಕ್ಕು. ಕೈಯಲ್ಲೊಂದು ಭರ್ಜಿ ಬಿಟ್ಟರೆ ಬೇರೇನೂ ಇಲ್ಲದ ಒಬ್ಬ ಹುಡುಗಿ ಆಚೆ ಹೋಗಬೇಕು ಅನ್ನುತ್ತಾಳೆ. ಅವಳ ಅಣ್ಣನನ್ನು ಅವನು ಕೊಂದಿಲ್ಲ, ಅವಳಿಗೆ ಯಾವ ಸೇಡೂ ಇಲ್ಲ. ಅವಳಿಗೆ ಆಚೆ ಹೋಗಬೇಕು, ದಾರಿ ಅವನಪ್ಪಂದಲ್ಲ. ಇಷ್ಟೇ ಕತೆ. ನನಗೆ ಇಷ್ಟು ಸಾಕಾಗಿತ್ತು.

ಎಡವಟ್ಟಾದದ್ದು ಕವಚದಲ್ಲಿ. ಲಾರಿಗೆ ಬಣ್ಣ ಹೊಡೆಯುವವರು ಒಂದಂಗುಲ ಜಾಗ ಬರಿದಾಗಿ ಬಿಟ್ಟರೂ ಮಾಲೀಕರು ಗೊಣಗುತ್ತಾರೆ. ಆ ಕೈಯಲ್ಲೇ ನಾನು ಅವನ ಮೈ ತುಂಬಿಸಿದೆ. ಕುತ್ತಿಗೆಗೆ ತಗಡು, ಬೆರಳಿಗೆ ತಗಡು, ಕಣ್ಣಿಗೆ ರೇಡಿಯೇಟರ್ ಜಾಲರಿ, ಎದೆಗೆ ಬಂಪರ್. ಎಲ್ಲಿಯೂ ಒಂದು ಸಂದು ಬಿಡಲಿಲ್ಲ. ಆಮೇಲೆ ನೋಡಿದರೆ ಹುಡುಗಿ ಎಲ್ಲಿ ತಿವಿದರೂ ಭರ್ಜಿಯೇ ಬಾಗುತ್ತಿತ್ತು. ಅಯ್ಯೋ ನನ್ನ ಕರ್ಮವೇ ಎಂದುಕೊಂಡು ವಾರಕ್ಕೊಂದು ಪುಟದಂತೆ ಅವಳನ್ನು ಹೋರಾಡಿಸುತ್ತಾ ಹೋದೆ. ಬೀಳುತ್ತಿದ್ದಳು, ಏಳುತ್ತಿದ್ದಳು, ಮತ್ತೆ ಎದುರು ನಿಲ್ಲುತ್ತಿದ್ದಳು.

ಪುಟಗಳನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುತ್ತಿದ್ದೆ. ಬಣ್ಣದ ಕೆಲಸಕ್ಕೆಂದು ನನ್ನ ನಂಬರು ಡ್ರೈವರುಗಳ ಬಳಿ ಇತ್ತು, ಹಾಗಾಗಿ ಅವರೂ ನೋಡಿದರು. ನೋಡಿದವರು ಗ್ರೂಪುಗಳಿಗೆ ಕಳಿಸಿದರು. ರಾತ್ರಿ ಮುಚ್ಚುವ ಬಂಡೀಪುರದ ಕಾಡಿನ ಗೇಟಿನಲ್ಲಿ ಸಾಲಾಗಿ ನಿಂತು ಕಾಯುವಾಗ ಹೊತ್ತು ಹೋಗಬೇಕಲ್ಲ. ನೋಡನೋಡುತ್ತಾ ನನ್ನ ರಾಕ್ಷಸನಿಗೆ ಅಭಿಮಾನಿಗಳ ಒಂದು ದಂಡೇ ಹುಟ್ಟಿಕೊಂಡಿತು.

ಒಂದು ಬೆಳಿಗ್ಗೆ ನಮ್ಮ ದೊಡ್ಡ ಗಿರಾಕಿಯಾದ ಸಾಹುಕಾರರು ಶೆಡ್ಡಿಗೆ ಬಂದರು. ಮಂಡಿಯಲ್ಲಿ ಈರುಳ್ಳಿ ವ್ಯಾಪಾರ, ಹಣೆಯ ತುಂಬ ವಿಭೂತಿ, ಹಿಂದೆ ಸಾಲುಸಾಲು ಲಾರಿ. ಅಬ್ಬಾನ ಅರ್ಧ ಕೆಲಸ ಅವರೊಬ್ಬರಿಂದಲೇ ನಡೆಯುತ್ತಿತ್ತು.

"ಏನಮ್ಮಿ, ಆ ಹಳೇ ನಾಲ್ಗೆ ಚಾಚ್ಕೊಂಡಿರೋನ್ನ ಕೆರುದ್ ಬುಡು. ನನ್ ಗಾಡಿಗಳ್ಗೆಲ್ಲ ನಿನ್ ಕಬ್ಬುಣದವ್ನ ಬರುದ್ಬುಡು" ಎಂದರು. ನಮ್ಮ ಕಡೆ ಹುಡುಗಿಯರನ್ನು ಕರೆಯುವುದೇ ಅಮ್ಮಿ ಎಂದು.

ನಾನು ಹಿಗ್ಗಿ ಹೀರೇಕಾಯಿಯಾದೆ. ನನ್ನ ಕತೆಯವನು ಲಾರಿ ಏರಿ ಊರೂರು ಸುತ್ತುತ್ತಾನೆ ಎಂದರೆ ಸುಮ್ಮನೆಯೇ? ಊಟ ತಿಂಡಿ ಬಿಟ್ಟು ಬರೆದೆ. ಅಬ್ಬಾ ಕೆಳಗೆ ನಿಂತು ಏಣಿ ಹಿಡಿದುಕೊಂಡು, ಜಾಲರಿಗೆ ಬೆಳ್ಳಿ ಬಣ್ಣ ಇನ್ನೊಂದು ಸಲ ಕೊಡು ಬೇಟಾ ಎಂದು ಹೇಳಿಕೊಟ್ಟರು.

ಆ ಹಿಗ್ಗು ಬಹಳ ದಿನ ಉಳಿಯಲಿಲ್ಲ. ಶೆಡ್ಡಿಗೆ ಬಂದ ಒಬ್ಬ ವಯಸ್ಸಾದ ಡ್ರೈವರು ಮೇಲಿನ ಮುಖ ನೋಡಿ ಮೆಚ್ಚಿ ತಲೆಯಾಡಿಸಿ, "ವಾರ್ ವಾರನೂ ಆ ಎಣ್ಮಗ ಬಂದು ಕುಣುದು ಕುಣುದು ಕೊನೀಗೆ ಬಿದ್ದೋಯ್ತದೆ. ಇವ್ನು ಮಾತ್ರ ಕಲ್ಲಂಗೆ ನಿಂತಿರ್ತನೆ. ಅದ್ಕೇ ಕಣವ್ವ ಎಲ್ರಿಗೂ ಇವ್ನು ಅಂದ್ರೆ ಪ್ರಾಣ" ಎಂದ.

"ಕೊನೆಗೆ ಬೀಳ್ತಾಳಾ? ಪ್ರತಿ ಪುಟದ ಕೊನೆಗೆ ಏಳ್ತಾಳಲ್ಲ!" ಎಂದೆ.

ಅವನು ಫೋನು ತೆಗೆದು ಬೆರಳಿಟ್ಟು ಓದಿ ತೋರಿಸಿದ. ಬೆರಳು ಎಡಗಡೆಯಿಂದ ಬಲಕ್ಕೆ ಸರಿಯಿತು. ನಾನು ಹಣೆ ಚಚ್ಚಿಕೊಂಡೆ. ಮಾತುಗಳನ್ನು ಕನ್ನಡದಲ್ಲಿ ಬರೆದು, ಚಿತ್ರದ ಚೌಕಗಳನ್ನು ಮಾತ್ರ ಬಲದಿಂದ ಎಡಕ್ಕೆ ಜೋಡಿಸಿದ್ದೆ. ಮಾಂಗಾ ಅಂದರೆ ಹಾಗೆಯೇ, ನನ್ನ ಕಣ್ಣಿಗೂ ಹಾಗೆಯೇ ಅಭ್ಯಾಸ. ಓದುವವರು ಲಾರಿ ಡ್ರೈವರುಗಳು ಎಂಬುದು ತಲೆಗೇ ಹೊಳೆದಿರಲಿಲ್ಲ. ನಾನು ಬರೆದದ್ದು ಬಿದ್ದು ಎದ್ದು ನಿಲ್ಲುವ ಹುಡುಗಿಯನ್ನು. ಅವರು ಓದಿದ್ದು ಮೊದಲು ನಿಂತಿದ್ದು ಕೊನೆಗೆ ಬೀಳುವ ಹುಡುಗಿಯನ್ನು. ಇಷ್ಟು ದಿನ ಅವರು ಚಪ್ಪಾಳೆ ತಟ್ಟಿದ್ದೆಲ್ಲ ಅವಳ ಸೋಲಿಗೆ. ನನಗೆ ಹೊಟ್ಟೆ ಉರಿದುಹೋಯಿತು.

ಮುಂದಿನ ವಾರದ ಪುಟಕ್ಕೆ ಕೋಳಿಮೊಟ್ಟೆ ಗಾತ್ರದ ಬಾಣದ ಗುರುತು ಹಾಕಿದೆ. ಇಲ್ಲಿಂದ ಓದಿ, ಹಳೆಯದನ್ನೂ ಹೀಗೆಯೇ ಓದಿ, ಈ ಕತೆಯಲ್ಲಿ ರಾಕ್ಷಸ ಸಾಯುತ್ತಾನೆ ಎಂದೂ ಕೆಳಗೆ ಬರೆದೆ. ಫೋನಿಗೆ ಪುರುಸೊತ್ತಿಲ್ಲದಂತಾಯಿತು. ಒಬ್ಬ, "ತಿರುಗಾಮುರುಗಾ ಮಾಡ್ಬುಟ್ಟಲ್ಲಮ್ಮಿ" ಎಂದು ಅಳುದನಿಯಲ್ಲಿ ವಾಯ್ಸ್ ಮೆಸೇಜು ಕಳಿಸಿದ. ಇನ್ನೊಬ್ಬ ಬೈದ. ಮೂರನೆಯ ದಿನಕ್ಕೆ ಸಾಹುಕಾರರೇ ಶೆಡ್ಡಿನ ಮುಂದೆ ಬೈಕು ನಿಲ್ಲಿಸಿದರು.

"ಅವ್ನ ಸಾಯಿಸ್ಬ್ಯಾಡ ಕಣಮ್ಮಿ. ನನ್ ಗಾಡಿ ಮ್ಯಾಲವ್ನೆ ಅವ್ನು. ಕತೇಲಿ ಸತ್ರೆ ಗಾಡಿ ಮ್ಯಾಲೂ ಸತ್ತಂಗೆ. ಸತ್ತೋನ ಮೊಕ ಇಟ್ಕೊಂಡು ಘಾಟಿ ಇಳ್ಯಕಾಯ್ತದಾ?"

"ಅದು ಕತೆ ಸಾವ್ಕಾರ್ರೆ."

"ಸರಿ, ಸಾಯಿಸ್ಲೇಬೇಕು ಅಂದ್ರೆ ಒಬ್ಬ ರಾಜ್ನೋ, ಒಬ್ಬ ದೇವ್ರೋ ಬಂದು ಸಾಯಿಸ್ಲಿ. ಅದ್ಕೊಂದು ಮರ್ವಾದೆ ಅದೆ. ಈ ಚೋಟುದ್ದ ಎಣ್ಮಗ ಕೈಲಿ ಸತ್ತ ಅಂದ್ರೆ ಮಂಡೀಲಿ ನನ್ ಮೊಕಕ್ಕೇ ನಗ್ತರೆ."

"ನಗ್ಲಿ ಬುಡಿ. ನಕ್ಕರೆ ಯಾರ ಗಂಟು ಹೋಯ್ತದೆ?"

ಅವರು ನನ್ನನ್ನು ಬಿಟ್ಟು ಅಬ್ಬಾನ ಕಡೆ ತಿರುಗಿದರು. "ಸಾಬ್ರೆ, ಮಗಳ್ಗೆ ಬುದ್ಧಿ ಏಳಿ. ಅವ್ನು ಸತ್ತ ದಿನ ನನ್ ಗಾಡಿ ಒಂದೂ ಈ ಶೆಡ್ಡಿಗೆ ಬರಕಿಲ್ಲ."

ಅಬ್ಬಾ ಕುಂಚ ಒರೆಸುತ್ತಾ ನಿಂತಿದ್ದರು. ಮನೆಗೆ ಬಂದು ಊಟಕ್ಕೆ ಕೂತಾಗ, "ಇಬ್ಬರೂ ರಾಜಿಯಾದರು ಅಂತ ಬರೆದುಬಿಡು ಬೇಟಾ. ದಾರಿ ಬಿಟ್ಟ, ಹುಡುಗಿ ಹೋದಳು. ಅವನೂ ಉಳಿದ, ಇವಳೂ ಉಳಿದಳು. ಏನು ತೊಂದರೆ?" ಎಂದರು. ತೊಂದರೆ ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಬಿಟ್ಟ ಎಂದರೆ ದಾರಿ ಅವನದೇ ಎಂದು ಒಪ್ಪಿಕೊಂಡ ಹಾಗಾಯಿತು. ಹಾಗೆಂದು ಜೋರಾಗಿಯೇ ಹೇಳಿದೆ. ಅಮ್ಮಿ ದನಿ ತಗ್ಗಿಸು ಎಂದಳು. ತಗ್ಗಿಸಲಿಲ್ಲ. ಅಬ್ಬಾ ರೊಟ್ಟಿ ಅರ್ಧಕ್ಕೇ ಬಿಟ್ಟು ಕೈ ತೊಳೆದರು. ಶೆಡ್ಡು ನಿಂತರೆ ಮನೆ ಹೇಗೆ ನಡೆಯುತ್ತದೆ ಎಂದು ಅವರು ಕೇಳಲಿಲ್ಲ, ಆದರೆ ಅವರಿಗೆ ಭಯವಾಗಿತ್ತು. ನನಗೂ ಆಗಿತ್ತು.

ಇಷ್ಟೆಲ್ಲ ರಂಪ ಮಾಡಿಕೊಂಡವಳಿಗೆ ಅವನನ್ನು ಕೊಲ್ಲುವುದು ಹೇಗೆಂದೇ ಇನ್ನೂ ತಿಳಿದಿರಲಿಲ್ಲ. ನಗಬೇಡಿ. ಮಾತು ಕೊಟ್ಟಾಗಿತ್ತು, ಕವಚದಲ್ಲಿ ಸಂದಿರಲಿಲ್ಲ. ಈಗ ಹೊಸದಾಗಿ ಒಂದು ತೂತು ಬರೆದರೆ ಅದು ಮೋಸ. ಅಷ್ಟು ದಿನ ಅವಳು ಬಿದ್ದು ಎದ್ದದ್ದಕ್ಕೆ ಬೆಲೆಯೇ ಇಲ್ಲದಂತಾಗುತ್ತದೆ. ಒಂದು ಮಧ್ಯಾಹ್ನ, ಬಿಸಿಲು ಕೆಂಡ ಕಾರುತ್ತಿರುವಾಗ, ಬೇರೆಯವರ ಲಾರಿಯೊಂದರ ಕ್ಯಾಬಿನ್ನಿನ ಒಳಗೆ ಕೂತು ಬಣ್ಣ ಹೊಡೆಯುತ್ತಿದ್ದೆ. ಹಸಿ ಬಣ್ಣಕ್ಕೆ ಧೂಳು ಕೂರದಿರಲೆಂದು ಗಾಜೆಲ್ಲ ಏರಿಸಿದ್ದೆ. ಸ್ವಲ್ಪ ಹೊತ್ತಿಗೆ ಉಸಿರು ಕಟ್ಟಿತು, ಕಣ್ಣು ಕತ್ತಲೆ ಬಂತು. ಧೂಳು ಹಾಳಾಗಿಹೋಗಲಿ ಎಂದು ಒದ್ದು ಬಾಗಿಲು ತೆಗೆದು ಹೊರಗೆ ಬಿದ್ದೆ. ಬಿದ್ದಲ್ಲೇ ಕೂತು ನಕ್ಕೆ. ಅಬ್ಬಾ ಓಡಿಬಂದು ತಲೆಗೆ ನೀರು ತಟ್ಟಿದರು, ಬಿಸಿಲಿಗೆ ತಲೆ ಕೆಟ್ಟಿತೆಂದುಕೊಂಡಿರಬೇಕು.

ಕೊನೆಯ ಅಧ್ಯಾಯದಲ್ಲಿ ನನ್ನ ಹುಡುಗಿ ಮೊದಲಿಗೆ ಒಂದು ಏಟನ್ನೂ ಹೊಡೆಯಲಿಲ್ಲ. ಅವನನ್ನು ಬೈದಳು. ನನಗೆ ಬರುವ ಬೈಗುಳವನ್ನೆಲ್ಲ ಧಾರಾಳವಾಗಿ ಕೊಟ್ಟೆ. ಬೈದು, ಕೆಣಕಿ, ಮರವೊಂದೂ ಇಲ್ಲದ ಕರಿಬಂಡೆಯ ಬೆಟ್ಟದ ಮೇಲೆ ನಡುಹಗಲಿನಲ್ಲಿ ಅವನನ್ನು ತನ್ನ ಹಿಂದೆ ಓಡಾಡಿಸಿದಳು. ಅವಳಿಗೆ ಕವಚವಿಲ್ಲ, ಬೆವರು ಗಾಳಿಗೆ ಆರುತ್ತದೆ. ಅವನು ಹತ್ತುತ್ತಾ ಹತ್ತುತ್ತಾ ತನ್ನ ಉಕ್ಕಿನೊಳಗೇ ಬೇಯತೊಡಗಿದ. ಹೊರಗಿನಿಂದ ಯಾರೂ ತೆಗೆಯಲಾಗದ ಮುಖದ ಜಾಲರಿಯನ್ನು ಒಂದು ಗುಟುಕು ಗಾಳಿಗಾಗಿ ಅವನೇ ಕೈಯಾರೆ ಎತ್ತಿದ. ಹುಡುಗಿ ಭರ್ಜಿ ಹಿಡಿದು ಅದಕ್ಕೇ ಕಾದಿದ್ದಳು.

ಕಟ್ಟಕಡೆಯ ಪುಟಕ್ಕೆ ಚೌಕವನ್ನೇ ಹಾಕಲಿಲ್ಲ. ಇಡೀ ಹಾಳೆಗೆ ಒಂದೇ ಚಿತ್ರ: ಬಂಡೆಯ ಮೇಲೆ ಅಂಗಾತ ಬಿದ್ದ ಉಕ್ಕಿನ ಗುಡ್ಡೆ, ಅದನ್ನು ತುಳಿದುಕೊಂಡು ಆಚೆ ಇಳಿಯುತ್ತಿರುವ ಹುಡುಗಿ. ಯಾವ ಕಡೆಯಿಂದ ಓದುತ್ತೀರೋ ಓದಿಕೊಳ್ಳಿ, ಸತ್ತವನು ಸತ್ತೇ ಇರುತ್ತಾನೆ.

ಹಾಕಿದ ಮರುದಿನದಿಂದ ಸಾಹುಕಾರರ ಲಾರಿಗಳು ನಮ್ಮ ಶೆಡ್ಡಿನ ಮುಂದೆಯೇ ಹಾರ್ನು ಹೊಡೆದುಕೊಂಡು ಹೋದವು, ಒಂದೂ ನಿಲ್ಲಲಿಲ್ಲ. ಬಣ್ಣದ ಡಬ್ಬಿಗಳ ಮೇಲೆ ಧೂಳು ಕೂತಿತು. ಅಬ್ಬಾ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಹೆದ್ದಾರಿ ನೋಡುತ್ತಾ ಕೂರುತ್ತಿದ್ದರು. ನನ್ನ ಜೊತೆ ಮಾತು ಬಿಟ್ಟಿರಲಿಲ್ಲ, ಆದರೆ ಕತೆಯ ಸುದ್ದಿ ಎತ್ತುತ್ತಿರಲಿಲ್ಲ. ಅವರು ಹಾಗೆ ಕೂತಿರುವುದನ್ನು ಕಂಡರೆ ನನಗೆ ಸಂಕಟವಾಗುತ್ತಿತ್ತು. ಆದರೂ ಆ ಪುಟವನ್ನು ಅಳಿಸಬೇಕೆಂದು ಒಂದು ಸಲವೂ ಅನ್ನಿಸಲಿಲ್ಲ. ಆ ಸಂಕಟವನ್ನೂ ಈ ಹಟವನ್ನೂ ಒಟ್ಟಿಗೇ ಹೊತ್ತುಕೊಂಡು ಓಡಾಡಿದೆ.

ಆ ಕಡೆ ಸಾಹುಕಾರರಿಗೆ ಬೇರೆಯೇ ಪಜೀತಿ. ಡ್ರೈವರುಗಳು ಸತ್ತವನ ಮುಖ ಹೊತ್ತ ಗಾಡಿಯನ್ನು ಘಾಟಿಗೆ ಇಳಿಸುವುದಿಲ್ಲ ಎಂದು ಪಟ್ಟು ಹಿಡಿದರಂತೆ. ಒಬ್ಬನಂತೂ ಅದರ ಮೇಲೆ ಗೋಣಿಚೀಲ ಕಟ್ಟಿಕೊಂಡು ಹೋಗಿಬಂದನಂತೆ. ಅಳಿಸಿ ಬೇರೆ ಬರೆಸೋಣವೆಂದು ಸಾಹುಕಾರರು ಲಾರಿಗಳನ್ನು ಚಾಮರಾಜನಗರಕ್ಕೆ ಕಳಿಸಿದರು. ಅಲ್ಲಿನ ಪೇಂಟರುಗಳು ಯಾರೂ ಕೈ ಹಾಕಲಿಲ್ಲ. ದೃಷ್ಟಿಯ ಮುಖವನ್ನು ಬರೆದ ಕೈಯೇ ಅಳಿಸಬೇಕು, ಬೇರೆಯವರು ಅಳಿಸಿದರೆ ಅದು ತಡೆದ ದೃಷ್ಟಿಯೆಲ್ಲ ಅವರ ಮೇಲೆ ಬೀಳುತ್ತದೆ ಎನ್ನುವುದು ನಮ್ಮ ಕಸುಬಿನವರ ನಂಬಿಕೆ. ನಾನು ನಂಬುತ್ತೇನೋ ಇಲ್ಲವೋ ಆ ಮಾತು ಬೇರೆ. ಅವತ್ತು ಮಾತ್ರ ಆ ನಂಬಿಕೆಗೆ ಕೈ ಮುಗಿದೆ.

ಒಂದು ಸಂಜೆ ಎಲ್ಲ ಲಾರಿಗಳೂ ಸಾಲಾಗಿ ಬಂದು ನಮ್ಮ ಶೆಡ್ಡಿನ ಮುಂದೆ ನಿಂತವು. ಡ್ರೈವರುಗಳು ಕೆಳಗಿಳಿದರು. ಸಾಹುಕಾರರು ಮುಂದೆ ಬಂದು, "ಕೆರುದ್ಬುಡಮ್ಮಿ, ಒತ್ತಾಯ್ತದೆ" ಎಂದರು, ಏನೂ ಆಗಿಯೇ ಇಲ್ಲವೆಂಬಂತೆ.

ನಾನು ಏಣಿ ತೆಗೆದುಕೊಳ್ಳಲಿಲ್ಲ. "ಕೆರೀತೀನಿ. ಯಾಕೆ ಕೆರೀಬೇಕು ಅಂತ ನಿಮ್ಮ ಬಾಯಲ್ಲಿ ಹೇಳಿ" ಎಂದೆ.

"ಅವ್ನು ಸತ್ತವ್ನೆ, ಅದ್ಕೆ."

"ಯಾರು ಕೊಂದರು?"

ಸಾಹುಕಾರರ ಮುಖ ಕೆಂಪಾಯಿತು. ಡ್ರೈವರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈಗ ಇವರು ತಿರುಗಿ ಹೋದರೆ ಮುಗಿಯಿತು, ಶೆಡ್ಡಿಗೆ ಬೀಗವೇ ಗತಿ. ಅವರು ಹೆಗಲ ಮೇಲಿನ ಟವಲು ತೆಗೆದು ಕತ್ತು ಒರೆಸಿಕೊಂಡು, ಲಾರಿಯ ಚಕ್ರವನ್ನು ನೋಡುತ್ತಾ, "ಆ ಎಣ್ಮಗ" ಎಂದು ಗೊಣಗಿದರು.

"ಕೇಳಿಸಲಿಲ್ಲ" ಎಂದೆ.

ಬೆನ್ನ ಹಿಂದೆ ಸ್ಟೂಲು ಸರಿದ ಸದ್ದಾಯಿತು. ಅಬ್ಬಾ ಎದ್ದಿದ್ದರು. ನನ್ನನ್ನು ಗದರಿ, ಅವರ ಹತ್ತಿರ ತಪ್ಪಾಯಿತು ಎಂದು ಹೇಳಿ, ಏಣಿ ಎತ್ತಿಕೊಳ್ಳುತ್ತಾರೆ ಎಂದುಕೊಂಡೆ. ಅವರು ಬಂದು ನನ್ನ ಪಕ್ಕದಲ್ಲಿ ನಿಂತರು.

"ನಂಗೂ ಕೇಳಿಸ್ನಿಲ್ಲ ಸಾವ್ಕಾರ್ರೆ" ಎಂದರು.